ಕಿಂಡಿಯಲ್ಲಿ ಬಂದವರು: ದುರ್ಗದ ಸೀಮೆಯನ್ನಿಟ್ಟುಕೊಂಡು ಏಲಿಯನ್ ಥ್ರಿಲ್ಲರ್ ಬರೆಯುವವರಿಗೆ ಸಮಗ್ರ ಮಾರ್ಗದರ್ಶಿ

2023ರ ಆಗಸ್ಟ್ 20ರ ಬೆಳಿಗ್ಗೆ ಚಿತ್ರದುರ್ಗ ಜಿಲ್ಲೆ ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಹತ್ತಿರದ ಹೊಲಕ್ಕೆ ಒಂದು ವಿಮಾನ ಬಿತ್ತು. ಒಳಗೆ ಪೈಲಟ್ ಇರಲಿಲ್ಲ, ಪೈಲಟ್ ಕೂರುವ ಜಾಗವೂ ಇರಲಿಲ್ಲ. ಸುತ್ತಲಿನ ಜನ ಓಡಿಬಂದು ನಿಂತರು. ಅದು ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಪರೀಕ್ಷಿಸುತ್ತಿದ್ದ ‘ತಪಸ್’ ಡ್ರೋನ್ ಎಂಬುದು ಆಮೇಲೆ ಸುದ್ದಿಯಾಯಿತು. ಇದಕ್ಕೂ ಮುಂಚೆ, 2019ರ ಸೆಪ್ಟೆಂಬರ್ 17ರಂದು, ಇದೇ ಜಿಲ್ಲೆಯ ಜೋಡಿಚಿಕ್ಕೇನಹಳ್ಳಿ ಬಳಿ ‘ರುಸ್ತುಂ-2’ ಡ್ರೋನ್ ಹೀಗೆಯೇ ಬಿದ್ದಿತ್ತು.

ಬಿದ್ದದ್ದಕ್ಕೆ ಹೆಸರು ಗೊತ್ತಾಗುವ ಮೊದಲು ಒಂದಿಷ್ಟು ಹೊತ್ತು ಇರುತ್ತದಲ್ಲ, ನಿಮ್ಮ ಕಾದಂಬರಿ ಹುಟ್ಟುವುದು ಅಲ್ಲಿ. ಹೊಲದಲ್ಲಿ ಏನೋ ಬಿದ್ದಿದೆ, ಎಲ್ಲರೂ ನೋಡಿದ್ದಾರೆ, ಏನೆಂದು ಯಾರಿಗೂ ತಿಳಿದಿಲ್ಲ. ಆಮೇಲೆ ಜೀಪು ಬರುತ್ತದೆ, ಜನರನ್ನು ದೂರ ಸರಿಸುತ್ತಾರೆ. ಅನ್ಯಲೋಕದ ಆಕ್ರಮಣ, ಸರ್ಕಾರದ ಕಣ್ಗಾವಲು ಎರಡೂ ಇರುವ ಥ್ರಿಲ್ಲರ್ ಬರೆಯಲು ಅಮೆರಿಕದ ಮರುಭೂಮಿಯನ್ನು ಎರವಲು ತರಬೇಕಾಗಿಲ್ಲ. ಆ ನೆಲ ಚಳ್ಳಕೆರೆಯ ಕಾವಲಿನಲ್ಲೇ, ಅಂದರೆ ಹುಲ್ಲುಗಾವಲಿನಲ್ಲೇ, ಇದೆ.

ಮೊದಲ ಹೆಜ್ಜೆ: ಬೇಲಿಯ ಹೊರಗೆ ನಿಲ್ಲಿ

ಕಥೆ ಹೊಳೆಯುವವರೆಗೆ ಕಾಯದೆ ಜಾಗಕ್ಕೆ ಹೋಗಿಬನ್ನಿ. ಚಿತ್ರದುರ್ಗದಿಂದ ಚಳ್ಳಕೆರೆಗೆ ಬಸ್ಸಿನಲ್ಲಿ ಒಂದು ಗಂಟೆಯೂ ಹಿಡಿಯುವುದಿಲ್ಲ. ಅಲ್ಲಿಂದ ನಾಯಕನಹಟ್ಟಿ, ದೊಡ್ಡಉಳ್ಳಾರ್ತಿ, ಕುದಾಪುರದ ಕಡೆ ಸಾಗಿದರೆ ಅಮೃತಮಹಲ್ ಕಾವಲು ಸಿಗುತ್ತದೆ. ತಲೆಮಾರುಗಳಿಂದ ದನ ಕುರಿ ಮೇಯುತ್ತಿದ್ದ ಈ ಹುಲ್ಲುಗಾವಲಿನ ದೊಡ್ಡ ಭಾಗವನ್ನು ಸರ್ಕಾರ ಸಂಸ್ಥೆಗಳಿಗೆ ಹಂಚಿತು. ಡಿಆರ್‌ಡಿಒಗೆ 4,290 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಇಸ್ರೋಗೂ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೂ (ಬಾರ್ಕ್) ಒಂದೊಂದು ಪಾಲು. 2017ರ ಮೇ ತಿಂಗಳಲ್ಲಿ ಇಲ್ಲಿ ವಿಮಾನ ಪರೀಕ್ಷಾ ನೆಲೆ ಉದ್ಘಾಟನೆಯಾಯಿತು. ಇಸ್ರೋದ ಮರುಬಳಕೆಯ ನೌಕೆ ‘ಪುಷ್ಪಕ್’ ಪರೀಕ್ಷೆಯಲ್ಲಿ ಇಳಿದದ್ದೂ ಇಲ್ಲಿಯೇ: 2023ರ ಏಪ್ರಿಲ್ 2, 2024ರ ಮಾರ್ಚ್ 22, 2024ರ ಜೂನ್ 23. ಮೂರು ಸಲವೂ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಅದನ್ನು ಸುಮಾರು 4.5 ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು. ರೆಕ್ಕೆಯಿರುವ ಆ ನೌಕೆ ತಾನೇ ದಾರಿ ಸರಿಮಾಡಿಕೊಂಡು ಗಂಟೆಗೆ 300 ಕಿಲೋಮೀಟರ್‌ಗೂ ಹೆಚ್ಚಿನ ವೇಗದಲ್ಲಿ ರನ್‌ವೇ ಮುಟ್ಟಿತು.

ಕುರಿ ಕಾಯುವವರ ಕಣ್ಣಿನಿಂದ ಇದನ್ನು ನೋಡಿ. ಮುಗಿಲಿನಲ್ಲಿ ಹೊಸ ಆಕಾರಗಳು ಓಡಾಡುವುದು ಅವರಿಗೆ ಹೊಸದೇನಲ್ಲ. ಒಂದು ದಿನ ನಿಜವಾಗಿಯೂ ನಮ್ಮದಲ್ಲದ್ದು ಬಂದರೂ ಅವರು ತಲೆಯೆತ್ತಿ ನೋಡಿ, “ಅವರ್ದೇ ಏನೋ ಹೊಸದು” ಎಂದು ಕುರಿಯ ಕಡೆ ತಿರುಗುತ್ತಾರೆ. ಅಡಗಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ಭೂಮಿಯ ಮೇಲೆ ಎಲ್ಲಿದೆ?

ಎಚ್ಚರಿಕೆಯ ಮಾತೊಂದು. ಬೇಲಿಯ ಪಕ್ಕ ಫೋಟೊ ತೆಗೆಯಬೇಡಿ, ನಕ್ಷೆ ಗೀಚಬೇಡಿ, ಒಳಗೆ ಏನಿದೆ ಎಂದು ಕಾವಲುಗಾರರನ್ನು ಕೆಣಕಬೇಡಿ. ನಿಷೇಧಿತ ಸ್ಥಳಗಳ ವಿಷಯದಲ್ಲಿ 1923ರ ಅಧಿಕೃತ ರಹಸ್ಯಗಳ ಕಾಯ್ದೆ ಬಹಳ ಕಠಿಣ. ನಿಮಗೆ ಒಳಗಿನ ವಿವರ ಬೇಕಾಗಿಯೂ ಇಲ್ಲ. ಕಥೆ ಇರುವುದು ಬೇಲಿಯ ಹೊರಗೆ: ಹುಲ್ಲಿನ ಬಣ್ಣದಲ್ಲಿ, ಮುಂಚೆ ಕಾವಲಿನ ನಡುವೆ ಇದ್ದು ಈಗ ಸುತ್ತು ಬಳಸುವ ದಾರಿಯಲ್ಲಿ, ಮೇವು ಕಡಿಮೆಯಾದ ಮೇಲೆ ಕಂಬಳಿ ಮಗ್ಗದ ಮುಂದೆ ಕೂತವರ ಮಾತಿನಲ್ಲಿ.

ಎರಡನೆಯ ಹೆಜ್ಜೆ: ಕಿಂಡಿ ಹುಡುಕಿ

ಈ ಮಾರ್ಗದರ್ಶಿಯಲ್ಲಿ ನಾನು ಹೇಳಬೇಕಾದದ್ದರ ತಿರುಳು ಇಲ್ಲಿದೆ, ಆದ್ದರಿಂದ ಸಾವಧಾನವಾಗಿ ಓದಿ.

ನಾನು ಮೊದಲು ಬರೆದ ಕರಡಿನಲ್ಲಿ ಊರಿನಷ್ಟು ದೊಡ್ಡ ನೌಕೆಯೊಂದು ಕೋಟೆಯ ಮೇಲೆ ಬಂದು ನಿಲ್ಲುತ್ತಿತ್ತು. ನಲವತ್ತು ಪುಟ ಆದ ಮೇಲೆ ಗೆಳೆಯನ ತಾಯಿಗೆ ಓದಿ ಹೇಳಿದೆ. ಹಟ್ಟಿಯಲ್ಲಿ ಬೆಳೆದ ಹೆಂಗಸು. ಕೇಳಿ ಮುಗಿಸಿ, “ಅಷ್ಟು ದೊಡ್ಡದು ಬಂದ್ ನಿಂತ್ರೆ ಎಲ್ರೂ ನೋಡ್ತಾರೆ. ಯಾರು ಯಾರಿಗೆ ಹೇಳ್ಬೇಕು ಇದುನ್ನ?” ಎಂದರು. ಆ ನಲವತ್ತು ಪುಟವನ್ನು ಬದಿಗಿಟ್ಟೆ. ಎಲ್ಲರಿಗೂ ಕಾಣುವ ಆಕ್ರಮಣದಲ್ಲಿ ಯುದ್ಧ ಇರಬಹುದು, ಗುಟ್ಟಿರುವುದಿಲ್ಲ. ಗುಟ್ಟಿಲ್ಲದ ಕಡೆ ಕಣ್ಗಾವಲಿಗೂ ಕೆಲಸವಿಲ್ಲ.

ಆಕ್ರಮಣದ ಕಥೆ ಹೇಳುವ ರೀತಿಯನ್ನು ನಮ್ಮೂರು ಇನ್ನೂರು ವರ್ಷಗಳ ಹಿಂದೆಯೇ ಕಲಿಸಿದೆ. ಏಳು ಸುತ್ತಿನ ಕೋಟೆ, ಎದುರಿಗೆ ಹೈದರಾಲಿಯ ಸೈನ್ಯ. ಹೆಬ್ಬಾಗಿಲು ಒಡೆಯಲಾಗಲಿಲ್ಲ. ಬಂಡೆಗಳ ನಡುವೆ ಒಬ್ಬನೇ ಮನುಷ್ಯ ತೂರುವಷ್ಟು ಸಂದು ಕಂಡಿತು. ಕಾವಲಿದ್ದ ಮುದ್ದಹನುಮ ಊಟಕ್ಕೆ ಮನೆಗೆ ಬಂದಿದ್ದ. ನೀರು ತರಲು ತಣ್ಣೀರು ದೋಣಿಗೆ ಹೋದ ಓಬವ್ವನಿಗೆ ಪಿಸುಮಾತು ಕೇಳಿಸಿತು. ಉಣ್ಣುತ್ತಿದ್ದವನನ್ನು ಎಬ್ಬಿಸದೆ ಒನಕೆ ಹಿಡಿದು ನಿಂತಳು.

ಬರಹಗಾರರಾಗಿ ಈ ಕಥೆಯನ್ನು ಬಿಡಿಸಿ ನೋಡಿ. ಶತ್ರು ದೊಡ್ಡವನು, ದಾರಿ ಚಿಕ್ಕದು. ಕಾವಲು ಇತ್ತು, ಊಟದ ಹೊತ್ತಿಗೆ ಇರಲಿಲ್ಲ. ಕಂಡುಹಿಡಿದವಳು ಕಾವಲಿನವಳಲ್ಲ, ನೀರಿಗೆ ಬಂದವಳು. ಒಳಬರುವವರು ಒಬ್ಬೊಬ್ಬರಾಗಿ ಬರುತ್ತಾರೆ, ಆದ್ದರಿಂದ ಪ್ರತಿ ತಲೆಯೂ ಒಂದು ಹೊಸ ಕ್ಷಣ. ಥ್ರಿಲ್ಲರ್‌ಗೆ ಬೇಕಾದ ಲಯವೆಲ್ಲ ಇದರಲ್ಲೇ ಇದೆ. ಬರೆಯುವ ಮುನ್ನ ಆ ಕಿಂಡಿಗೆ ಒಮ್ಮೆ ಹೋಗಿ ಬಗ್ಗಿ ನೋಡಿ. ಅದರ ಇಕ್ಕಟ್ಟು ಮೈಗೆ ಗೊತ್ತಾಗಬೇಕು.

ಈಗ ಕೇಳಿಕೊಳ್ಳಿ: ನಿಮ್ಮ ಕಾದಂಬರಿಯ ಕಿಂಡಿ ಯಾವುದು? ನನ್ನ ಉತ್ತರ ಹೇಳುತ್ತೇನೆ, ನೀವು ನಿಮ್ಮದನ್ನು ಹುಡುಕಿಕೊಳ್ಳಿ. ನನ್ನ ಕಥೆಯಲ್ಲಿ ಕಿಂಡಿ ಎಂದರೆ ಮೊಬೈಲ್ ಟವರ್. ಕಾವಲಿನ ಅಂಚಿನ ಟವರಿಗೆ ಒಂದು ರಾತ್ರಿ ಹೊಸ ಹ್ಯಾಂಡ್‌ಸೆಟ್ ಸೇರಿಕೊಳ್ಳುತ್ತದೆ. ಅದು ಕರೆ ಮಾಡುವುದಿಲ್ಲ, ಬರೀ ಕೇಳುತ್ತದೆ. ವಾರದ ಮೇಲೆ ಎರಡು. ತಿಂಗಳಿಗೆ ಹನ್ನೊಂದು. ಊರಿನಲ್ಲಿ ಜನ ಹೆಚ್ಚಿಲ್ಲ, ಫೋನು ಹೆಚ್ಚುತ್ತಿವೆ. ಸರ್ಕಾರದ ಕಣ್ಗಾವಲು ಯಂತ್ರ ಇವುಗಳನ್ನು ಯಾರೋ ದೇಶದ್ರೋಹಿಗಳ ಫೋನೆಂದು ಬಗೆದು, ಅವುಗಳ ಹತ್ತಿರ ಸದಾ ಇರುವ ಒಂದೇ ನಿಜವಾದ ಫೋನಿನ ಬೆನ್ನು ಹತ್ತುತ್ತದೆ. ಆ ಫೋನು ಕುರಿ ಕಾಯುವ ಪಾಲಯ್ಯನದು. ಬಂದವರಿಗೆ ಕಣ್ಣು ಕಿವಿಗಳನ್ನು ಕೊಟ್ಟದ್ದು ನಾವು ಕಾವಲಿಗೆಂದು ಕಟ್ಟಿಕೊಂಡ ಈ ವ್ಯವಸ್ಥೆಯೇ ಎಂಬುದು ಕೊನೆಗೆ ಗೊತ್ತಾಗುತ್ತದೆ.

ಆಕ್ರಮಣದ ಕಥೆ ಒಂದು ಕಡೆ, ಕಣ್ಗಾವಲಿನ ಕಥೆ ಇನ್ನೊಂದು ಕಡೆ ಓಡಿದರೆ ಓದುಗರಿಗೆ ಎರಡು ಅರ್ಧ ಪುಸ್ತಕ ಸಿಕ್ಕಂತಾಗುತ್ತದೆ. ಎರಡಕ್ಕೂ ಕಿಂಡಿ ಒಂದೇ ಆಗಿರಲಿ.

ಮೂರನೆಯ ಹೆಜ್ಜೆ: ಅವರಿಗೆ ಬೇಕಾದದ್ದೇನು, ಬಂದದ್ದು ಹೇಗೆ

ನೀರು ಕದಿಯಲು ಬಂದರು ಎಂದು ಬರೆಯಬೇಡಿ. ವಾಣಿವಿಲಾಸ ಸಾಗರ, ಅಂದರೆ ಮಾರಿಕಣಿವೆ ಅಣೆಕಟ್ಟು, 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. 89 ವರ್ಷ ಕಾದ ಸೀಮೆಯವರಿಗೆ ನೀರಿಗಾಗಿ ಬಂದ ಶತ್ರು ಎಂದರೆ ಎದೆಗೆ ನಾಟುತ್ತದೆ, ಒಪ್ಪುತ್ತೇನೆ. ಆದರೆ ಬಾಹ್ಯಾಕಾಶದಲ್ಲಿ ಹಿಮಕ್ಕೆ ಬರವಿಲ್ಲ. ಧೂಮಕೇತುಗಳಲ್ಲಿದೆ, ಗುರು ಮತ್ತು ಶನಿಯ ಉಪಗ್ರಹಗಳಲ್ಲಿದೆ. ನಕ್ಷತ್ರದಿಂದ ನಕ್ಷತ್ರಕ್ಕೆ ಬರುವ ಶಕ್ತಿಯಿದ್ದವರು ಮಾರಿಕಣಿವೆಗೆ ಬಿಂದಿಗೆ ಹಿಡಿದು ಬರುವುದಿಲ್ಲ. ಲೋಹದ ಮಾತೂ ಹಾಗೆಯೇ, ಕ್ಷುದ್ರಗ್ರಹಗಳಲ್ಲಿ ಬೇಕಾದಷ್ಟಿದೆ.

ಬೇರೆಲ್ಲೂ ಸಿಗದೆ ಇಲ್ಲಿ ಮಾತ್ರ ಸಿಗುವುದು ಯಾವುದು? ಜೀವ, ಜೀವದ ನಡವಳಿಕೆ. ನನ್ನ ಕಥೆಯಲ್ಲಿ ಬಂದವರು ಕಲಿಯಲು ಬಂದಿದ್ದಾರೆ. ಮನುಷ್ಯರನ್ನು ಕಲಿಯಲು ಮನುಷ್ಯರು ತಾವೇ ಕೂಡಿಟ್ಟ ದಾಖಲೆಗಿಂತ ಸುಲಭದ ದಾರಿ ಇಲ್ಲ. ಹೀಗೆ ಅವರ ಆಸೆಯೇ ಅವರನ್ನು ಟವರಿನ ಕಡೆ ತರುತ್ತದೆ.

ದೂರದ ಲೆಕ್ಕ ಒಮ್ಮೆ ಕೈಯಲ್ಲಿ ಮಾಡಿ. ಸೂರ್ಯನನ್ನು ಬಿಟ್ಟರೆ ನಮಗೆ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ, 4.24 ಬೆಳಕಿನ ವರ್ಷ. ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ಓಡುವ ವಾಯೇಜರ್-1ರ ವೇಗದಲ್ಲಿ ಅಷ್ಟು ದೂರ ಹೋಗಲು ಸುಮಾರು 75,000 ವರ್ಷ ಬೇಕು. ಆದ್ದರಿಂದ “ನಾಳೆ ಇನ್ನಷ್ಟು ಸೈನ್ಯ ಕಳಿಸಿ” ಎಂದು ತಮ್ಮ ಲೋಕಕ್ಕೆ ಸಂದೇಶ ಕಳಿಸುವ ಏಲಿಯನ್ ನಂಬಲಾಗದ ಪಾತ್ರ. ಸಂದೇಶ ಮುಟ್ಟಲು ನಾಲ್ಕು ವರ್ಷ, ಉತ್ತರಕ್ಕೆ ಇನ್ನು ನಾಲ್ಕು ವರ್ಷ. ಬಂದವರು ಬಂದಷ್ಟೇ ಜನ, ಹಿಂದಿನಿಂದ ಯಾರೂ ಬರುವುದಿಲ್ಲ ಎಂಬ ಒಂಟಿತನವನ್ನು ಅವರಿಗೆ ಕೊಟ್ಟು ನೋಡಿ, ಶತ್ರುವಿಗೂ ಒಂದು ಮುಖ ಬರುತ್ತದೆ.

ಯಾರ ಕಣ್ಣಿಗೂ ಬೀಳದೆ ಬಂದರು ಎಂಬುದನ್ನು ನಂಬಿಸಲು ಆಧಾರವಿದೆ. 2017ರ ಅಕ್ಟೋಬರ್ 19ರಂದು ಹವಾಯಿಯ ದೂರದರ್ಶಕವೊಂದು ‘ಔಮುಆಮುಆ’ವನ್ನು ಪತ್ತೆ ಮಾಡಿತು. ಸೌರಮಂಡಲದ ಹೊರಗಿನಿಂದ ಬಂದದ್ದೆಂದು ನಾವು ಗುರುತಿಸಿದ ಮೊದಲ ಕಾಯ ಅದು. ಅಷ್ಟರಲ್ಲಿ ಅದು ಸೂರ್ಯನನ್ನು ಸುತ್ತಿ, ಐದು ದಿನ ಮುಂಚೆಯೇ ಭೂಮಿಗೆ ಅತಿ ಹತ್ತಿರದ ದೂರವನ್ನೂ ದಾಟಿ ಹೊರಟಿತ್ತು. ಅತಿಥಿ ಹಿತ್ತಲ ಬಾಗಿಲಿನಿಂದ ಹೋಗುವಾಗ ನಾವು ಬೆನ್ನು ನೋಡಿದೆವು.

ವಿಜ್ಞಾನದಲ್ಲಿ ನೀವು ಹೇಳುವ ದೊಡ್ಡ ಸುಳ್ಳು ಒಂದೇ ಇರಲಿ. ಅವರು ಬಂದಿದ್ದಾರೆ, ಅಷ್ಟೇ. ಉಳಿದದ್ದೆಲ್ಲ ನಿಜವಾಗಿರಬೇಕು.

ನಾಲ್ಕನೆಯ ಹೆಜ್ಜೆ: ಟವರ್ ಏನು ಬಲ್ಲದು

ನಿಜ ಎಷ್ಟು ಕೆಲಸಕ್ಕೆ ಬರುತ್ತದೆ ಎಂಬುದಕ್ಕೆ ಇದೊಂದು ಉದಾಹರಣೆ. ಪ್ರತಿ ಫೋನಿಗೂ ಆ ಹ್ಯಾಂಡ್‌ಸೆಟ್ಟನ್ನು ಗುರುತಿಸುವ 15 ಅಂಕಿಯ ಐಎಂಇಐ ಸಂಖ್ಯೆ ಇರುತ್ತದೆ. ಮೊದಲ 8 ಅಂಕಿ ಅದು ಯಾವ ಮಾಡೆಲ್ ಎಂದು ಹೇಳುತ್ತವೆ. ನಕಲು ಮಾಡಿದ ಅನ್ಯಲೋಕದವರು ಸಂಖ್ಯೆಗಳ ರೂಪ ಕಲಿತಿದ್ದಾರೆ, ಮಾಡೆಲ್‌ಗಳ ಅಂಕಿ ಇನ್ನೂ ಕಲಿತಿಲ್ಲ. ಟವರ್ ನಿರ್ವಹಣೆ ಮಾಡುವ ಹುಡುಗಿಗೆ ಮೊದಲ ಅನುಮಾನ ಹುಟ್ಟುವುದು ಯಾವ ಮಾಡೆಲ್‌ಗೂ ಸೇರದ ಆ 8 ಅಂಕಿಯಿಂದ. ಎರಡು ತಿಂಗಳಾದ ಮೇಲೆ ಬರುವ ಹೊಸ ಸಂಖ್ಯೆಗಳಲ್ಲಿ ಆ ಅಂಕಿಗಳು ಸರಿಯಾಗಿರುತ್ತವೆ. ಅಲ್ಲಿ ಓದುಗರ ಬೆನ್ನಹುರಿ ತಣ್ಣಗಾಗಬೇಕು: ಕಲಿಯುತ್ತಿದ್ದಾರೆ.

ಇನ್ನೊಂದು ವಿವರ. ಸಾಮಾನ್ಯವಾಗಿ ಟವರಿನ ಆಂಟೆನಾಗಳು ಮೂರು ದಿಕ್ಕಿಗೆ, ತಲಾ 120 ಡಿಗ್ರಿ ಹಂಚಿಕೊಂಡಿರುತ್ತವೆ. ಸಂಕೇತ ಹೋಗಿಬರುವ ಸಮಯದಿಂದ ಫೋನು ಎಷ್ಟು ದೂರವಿದೆ ಎಂದು ಟವರಿಗೆ ಅಂದಾಜು ಸಿಗುತ್ತದೆ. ಹಳೆಯ ಟುಜಿ ಜಾಲದಲ್ಲಿ ಇದು ಸುಮಾರು 550 ಮೀಟರಿನ ಹೆಜ್ಜೆಗಳಲ್ಲಿ ಅಳೆಯುವ ದೂರ. ದಾಖಲೆಯಲ್ಲಿ ಐದು ಹೆಜ್ಜೆ ಎಂದಿದೆ, ಅಂದರೆ ಎರಡೂಮುಕ್ಕಾಲು ಕಿಲೋಮೀಟರ್. ಪೊಲೀಸರು ಆ ದಿಕ್ಕಿನಲ್ಲಿ ಅಷ್ಟು ದೂರ ನಡೆದು ಹೋಗಿ ನೋಡಿದರೆ ಬಯಲು, ಜಾಲಿ ಗಿಡ, ಪಾಲಯ್ಯನ ಕುರಿಮಂದೆ. ಆ ದೂರವನ್ನು ನೆಲದ ಮೇಲಲ್ಲ, ಮೇಲಕ್ಕೆ ಅಳೆಯಬೇಕು ಎಂದು ಯಾರಿಗೂ ಹೊಳೆಯುವುದಿಲ್ಲ.

ಐದನೆಯ ಹೆಜ್ಜೆ: ಸರ್ಕಾರವನ್ನು ಕಾಗದದಿಂದ ಕಟ್ಟಿ

ಕಪ್ಪು ಕನ್ನಡಕದ ಅಧಿಕಾರಿ ಒಂದು ಗುಂಡಿ ಒತ್ತಿದ ಕೂಡಲೇ ಎಲ್ಲರ ಫೋನೂ ಕೇಳಿಸಿತು ಎಂದು ಬರೆದರೆ ಓದುಗರಿಗೆ ಹೆದರಿಕೆಯಾಗುವುದಿಲ್ಲ. ನಮ್ಮಲ್ಲಿ ಕಣ್ಗಾವಲು ಕಡತದ ಮೇಲೆ ನಡೆಯುತ್ತದೆ. ಆ ಕಡತವನ್ನು ಬಲ್ಲ ಬರಹಗಾರ ಮಾತ್ರ ಭಯ ಹುಟ್ಟಿಸಬಲ್ಲ.

ಮೊದಲು ಎರಡನ್ನು ಬೇರೆ ಮಾಡಿಕೊಳ್ಳಿ. ಕರೆ ವಿವರದ ದಾಖಲೆ, ಪೊಲೀಸರ ಮಾತಿನಲ್ಲಿ ಸಿಡಿಆರ್, ಯಾರು ಯಾರಿಗೆ ಯಾವಾಗ ಎಷ್ಟು ಹೊತ್ತು ಯಾವ ಟವರಿನಿಂದ ಮಾತಾಡಿದರು ಎಂಬುದನ್ನಷ್ಟೇ ಹೇಳುತ್ತದೆ. ಏನು ಮಾತಾಡಿದರು ಎಂಬುದು ಅದರಲ್ಲಿಲ್ಲ. ಒಂದು ಹೊತ್ತಿನಲ್ಲಿ ಒಂದು ಟವರಿನಡಿ ಇದ್ದ ಎಲ್ಲ ನಂಬರುಗಳನ್ನೂ ಒಟ್ಟಿಗೆ ತರಿಸಿಕೊಂಡರೆ ಅದು ಟವರ್ ಡಂಪ್. ಅಪರಾಧ ಮಾಡದವರೂ ಪಟ್ಟಿಗೆ ಬೀಳುವುದು ಇಲ್ಲಿ. ಜಾತ್ರೆಯ ರಾತ್ರಿ ನಾಯಕನಹಟ್ಟಿಯ ಟವರ್ ಡಂಪ್ ತೆಗೆದರೆ ಆ ಪಟ್ಟಿಯಲ್ಲಿ ಯಾರಿಲ್ಲ ಎಂಬುದೇ ಪ್ರಶ್ನೆಯಾಗುತ್ತದೆ. ಇದನ್ನು ಒಂದು ಅಧ್ಯಾಯ ಮಾಡಿ.

ಮಾತನ್ನೇ ಕೇಳುವುದು, ಅಂದರೆ ಕದ್ದಾಲಿಕೆ, ಬೇರೆಯೇ ವಿಷಯ. 1885ರ ಟೆಲಿಗ್ರಾಫ್ ಕಾಯ್ದೆಯ 5(2)ನೇ ಸೆಕ್ಷನ್ ಅದಕ್ಕೆ ದಾರಿ ಮಾಡಿತ್ತು. ಕಡಿವಾಣ ಬೇಕೆಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು. ಈಗ 2023ರ ದೂರಸಂಪರ್ಕ ಕಾಯ್ದೆ, ಅದರಡಿ 2024ರ ಡಿಸೆಂಬರಿನ ನಿಯಮಗಳಿವೆ. ರಾಜ್ಯದಲ್ಲಿ ಆದೇಶ ಕೊಡಬೇಕಾದವರು ಗೃಹ ಇಲಾಖೆಯ ಕಾರ್ಯದರ್ಶಿ. ತುರ್ತು ಸಂದರ್ಭದಲ್ಲಿ ಹಿರಿಯ ಪೊಲೀಸ್ ಅಧಿಕಾರಿ ಶುರು ಮಾಡಬಹುದು, ಆದರೆ 7 ಕೆಲಸದ ದಿನದೊಳಗೆ ಮೇಲಿನಿಂದ ಒಪ್ಪಿಗೆ ಬರದಿದ್ದರೆ ನಿಲ್ಲಿಸಬೇಕು. ಆದೇಶದ ಆಯುಸ್ಸು 60 ದಿನ, ಮುಂದುವರಿಸಿದರೂ ಒಟ್ಟು 180 ದಿನ ಮೀರುವಂತಿಲ್ಲ.

ಈ ಸಂಖ್ಯೆಗಳೇ ನಿಮ್ಮ ಗಡಿಯಾರ. ಬಾಂಬಿನ ಟೈಮರ್ ಬೇಡ. ಏಳನೆಯ ದಿನ ಸಂಜೆ ಐದಕ್ಕೆ ಬೆಂಗಳೂರಿನಿಂದ ಸಹಿ ಬರಬೇಕು, ಬಂದಿಲ್ಲ. ಕೇಳುತ್ತಿದ್ದ ಯುವ ಅಧಿಕಾರಿಗೆ ಮಾತ್ರ ಗೊತ್ತು, ಆ ಫೋನುಗಳಲ್ಲಿ ಕೇಳಿಸುತ್ತಿರುವುದು ಮನುಷ್ಯರ ಉಸಿರಲ್ಲ. ಕಾನೂನು ಪಾಲಿಸಿದರೆ ಕಿವಿ ಮುಚ್ಚಬೇಕು, ಮುರಿದರೆ ತಾನೇ ಕಳ್ಳನಾಗಬೇಕು. ಒಳ್ಳೆಯವನೊಬ್ಬನನ್ನು ಇಂಥ ಇಕ್ಕಟ್ಟಿಗೆ ತಂದು ನಿಲ್ಲಿಸಿದರೆ ನೂರು ಪುಟ ತಾನಾಗಿ ಓಡುತ್ತದೆ.

ಕದ್ದಾಲಿಕೆ ಕನ್ನಡಿಗರಿಗೆ ದೂರದ ಮಾತಲ್ಲ. 1988ರಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟದ್ದು ಟೆಲಿಫೋನ್ ಕದ್ದಾಲಿಕೆಯ ವಿವಾದದಲ್ಲಿ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ನಿಮ್ಮ ವಕೀಲ ಪಾತ್ರ ಈ ತೀರ್ಪನ್ನು ಬಾಯಿಪಾಠ ಒಪ್ಪಿಸುವುದು ಬೇಡ. ಪಾಲಯ್ಯನ ಮೊಮ್ಮಗಳಿಗೆ ಅರ್ಥವಾಗುವ ಹಾಗೆ ಎರಡೇ ಮಾತಿನಲ್ಲಿ ಹೇಳಲಿ.

ಸಣ್ಣ ತಪ್ಪುಗಳೂ ಓದುಗರನ್ನು ಹೊರಗೆ ತಳ್ಳುತ್ತವೆ. 2024ರ ಜುಲೈ 1ರ ನಂತರ ನಡೆಯುವ ಕಥೆಯಲ್ಲಿ ನಿಷೇಧಾಜ್ಞೆ ಬರುವುದು ಹಳೆಯ 144ನೇ ಸೆಕ್ಷನ್ ಬದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್ ಅಡಿ. ಆದೇಶದ ಪ್ರತಿಯಲ್ಲಿ ಹಾಗೇ ಬರೆಯಿರಿ. ಹೋಟೆಲಿನಲ್ಲಿ ಕೂತವರು ಮಾತ್ರ ಈಗಲೂ “ಒನ್ ಫಾರ್ಟಿಫೋರ್ ಹಾಕ್ಯಾರಂತೆ” ಎಂದೇ ಹೇಳುತ್ತಾರೆ. ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದರೆ 8(1)(ಎ) ಎಂದು ಬರೆದ ಒಂದು ಸಾಲಿನ ನಿರಾಕರಣೆ ಬರುತ್ತದೆ, ದೇಶದ ಭದ್ರತೆಯ ಕಾರಣ. ಆ ಲಕೋಟೆ ಒಡೆಯುವ ದೃಶ್ಯ ಯಾವ ಗುಂಡಿನ ಚಕಮಕಿಗೂ ಕಡಿಮೆಯಲ್ಲ.

ಆರನೆಯ ಹೆಜ್ಜೆ: ಮಾತು

ಅಧಿಕಾರಿ ಪುಸ್ತಕದ ಕನ್ನಡ ಆಡಲಿ ಬಿಡಲಿ, ಪಾಲಯ್ಯ ಮಾತ್ರ ಆಡಬಾರದು. ವಿಚಾರಣೆಯ ದೃಶ್ಯ ನಾನು ಹೀಗೆ ಬರೆದಿದ್ದೇನೆ:

“ಬೆಳಗಿನ ಜಾವ ನಾಕು ಗಂಟೆಗೆ ನಿಮ್ಮ ಫೋನ್ ಎಲ್ಲಿರುತ್ತೆ?”

“ನನ್ ಜೇಬಲ್ಲಿರ್ತೈತೆ ಸ್ವಾಮಿ.”

“ನೀವೆಲ್ಲಿರ್ತೀರಾ?”

“ಕುರಿ ಎಲ್ಲಿರ್ತಾವೋ ಅಲ್ಲಿ.”

“ಕುರಿ ಎಲ್ಲಿದ್ವು ಅವತ್ತು?”

“ಅದು ನಿಮಗೇ ಚೆನ್ನಾಗಿ ಗೊತ್ತಿರ್ತೈತೆ ಸ್ವಾಮಿ. ಬೇಲಿ ಮ್ಯಾಲೆ ಕ್ಯಾಮರಾ ಇಟ್ಟಿದ್ದೀರಲ್ಲ.”

ಪಾಲಯ್ಯ ಎದುರು ನುಡಿಯುತ್ತಿಲ್ಲ, ಸುಳ್ಳೂ ಹೇಳುತ್ತಿಲ್ಲ. ತನಗೆ ತಿಳಿದ ಜಗತ್ತಿನಲ್ಲಿ ನಿಂತು ಉತ್ತರ ಕೊಡುತ್ತಿದ್ದಾನೆ. ಅಧಿಕಾರಿಗೆ ಬೇಕಾದ ಉತ್ತರ ಆ ಜಗತ್ತಿನಲ್ಲಿಲ್ಲ. ಆತಂಕ ಹುಟ್ಟುವುದು ಈ ಅಂತರದಲ್ಲಿ. ಮೊಮ್ಮಗಳು ಅವನನ್ನು ‘ತಾತ’ ಎನ್ನುತ್ತಾಳೆ, ಪೊಲೀಸರ ಮುಂದೆ ‘ನಮ್ ತಾತಾರು’ ಎನ್ನುತ್ತಾಳೆ. ಒಂದು ಅಕ್ಷರದಲ್ಲಿ ಅವಳ ಹೆದರಿಕೆಯೂ ಗೌರವವೂ ಬಂದುಬಿಡುತ್ತದೆ.

ಏಳನೆಯ ಹೆಜ್ಜೆ: ಒಂದು ಅಧ್ಯಾಯ ದಾವಣಗೆರೆಗೆ

ಕಾವಲಿನ ಬಯಲಿನಲ್ಲೇ ಇಡೀ ಪುಸ್ತಕ ನಿಂತರೆ ಉಸಿರುಗಟ್ಟುತ್ತದೆ, ಬೆನ್ನಟ್ಟುವುದಕ್ಕೆ ಊರು ಬೇಕು. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ನಗರಗಳ ಪಟ್ಟಿಯಲ್ಲಿ ದಾವಣಗೆರೆಯೂ ಇತ್ತು. ಸರ್ಕಲ್ಲುಗಳಲ್ಲಿ ಕ್ಯಾಮರಾ, ಒಂದು ಕೋಣೆಯಲ್ಲಿ ಗೋಡೆ ತುಂಬ ಪರದೆ. ಮೊಮ್ಮಗಳು ಪಿ.ಬಿ. ರಸ್ತೆಯಲ್ಲಿ ಬಸ್ಸಿಳಿದ ಕ್ಷಣದಿಂದ ಪರದೆಯಿಂದ ಪರದೆಗೆ ದಾಟುತ್ತಾಳೆ. ಅವಳನ್ನು ಕಾಪಾಡುವುದು ಮಂಡಕ್ಕಿ ಭಟ್ಟಿ. ಸಾಲು ಸಾಲು ಒಲೆ, ಕಾದ ಮರಳು, ಹೊಗೆ. ಮೈ ಶಾಖ ನೋಡಿ ಹುಡುಕುವ ಡ್ರೋನಿಗೆ ಅಷ್ಟು ಬೆಂಕಿಯ ನಡುವೆ ಒಬ್ಬ ಹುಡುಗಿಯ ಮೈ ಗುರುತು ಸಿಗುವುದು ಕಷ್ಟ. ಬೆಳಗಾಗುವವರೆಗೆ ಅವಳು ಮಂಡಕ್ಕಿ ಚೀಲಗಳ ಹಿಂದೆ ಕೂರುತ್ತಾಳೆ. ಭಟ್ಟಿಯವರು ಯಾರು ಏನೆಂದು ಕೇಳದೆ ಒಂದು ಲೋಟ ಚಹಾ ಕೊಡುತ್ತಾರೆ.

ಬೆಣ್ಣೆ ದೋಸೆಯನ್ನು ತರಲೇಬೇಕೆಂದಿಲ್ಲ. ಕಥೆಗೆ ಕೆಲಸವಿಲ್ಲದ ಊರ ಹೆಮ್ಮೆಯನ್ನು ಬಿಡುವ ಮನಸ್ಸು ಬರಬೇಕು.

ಎಂಟನೆಯ ಹೆಜ್ಜೆ: ಬರೆಯುವ ಕ್ರಮ

ಇಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಗೋಡೆಗೆ ಉದ್ದದ ಕಾಗದ ಅಂಟಿಸಿ ಮೂರು ಗೆರೆ ಎಳೆಯಿರಿ: ಬಂದವರು, ಸರ್ಕಾರ, ಪಾಲಯ್ಯನ ಮನೆ. ದಿನದ ಲೆಕ್ಕದಲ್ಲಿ ಯಾರಿಗೆ ಏನು ಗೊತ್ತಾಯಿತು ಎಂದು ಗುರುತು ಮಾಡಿ. ಮೂರೂ ಗೆರೆಯವರಿಗೆ ಒಂದೇ ದಿನ ಎಲ್ಲವೂ ಗೊತ್ತಾದರೆ ಅಲ್ಲಿಗೆ ಪುಸ್ತಕ ಮುಗಿಯಿತು, ಆ ದಿನವನ್ನು ಆದಷ್ಟು ಮುಂದಕ್ಕೆ ತಳ್ಳಿ. ಅನ್ಯಲೋಕದವರ ಮೈ ಹೇಗಿದೆ ಎಂದು ಕೊನೆಯವರೆಗೂ ಪೂರ್ತಿ ತೋರಿಸಬೇಡಿ. ಕುರಿ ತೋರಿಸಲಿ: ಮಂದೆಯೆಲ್ಲ ಮೇಯುವುದು ಬಿಟ್ಟು ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿದೆ, ನಾಯಿ ಬೊಗಳುತ್ತಿಲ್ಲ, ದೂರದ ಗುಡ್ಡದ ಗಾಳಿಯಂತ್ರಗಳ ಕೆಂಪು ದೀಪದಲ್ಲಿ ಒಂದು ಹೆಚ್ಚಾಗಿದೆ.

ಇಲ್ಲಿ ಬದುಕಿರುವ ಅಧಿಕಾರಿಗಳನ್ನು ಹೆಸರು ಬದಲಿಸಿ ತಂದು ಖಳರನ್ನಾಗಿ ಮಾಡಬೇಡಿ. ಸಂಸ್ಥೆಗಳ ಬಗ್ಗೆ ಸುದ್ದಿಯಲ್ಲಿ ಬಂದದ್ದನ್ನು ಸುದ್ದಿಯಾಗಿ ಇಡಿ, ಕಲ್ಪಿಸಿದ್ದನ್ನು ಕಲ್ಪಿಸಿದ ಇಲಾಖೆಗೆ ಕೊಡಿ.

ಕೊನೆಯ ಹೆಜ್ಜೆ: ಮೂವರಿಗೆ ಓದಿ ಹೇಳಿ

ಮೊದಲ ಕರಡು ಮುಗಿದ ಮೇಲೆ ಮೊಬೈಲ್ ಟವರಿನಲ್ಲಿ ಕೆಲಸ ಮಾಡುವವರೊಬ್ಬರು, ಕ್ರಿಮಿನಲ್ ಕೇಸು ನಡೆಸುವ ವಕೀಲರೊಬ್ಬರು, ಕುರಿ ಸಾಕುವವರೊಬ್ಬರು, ಈ ಮೂವರ ಮುಂದೆ ಗಟ್ಟಿಯಾಗಿ ಓದಿ. ಮೊದಲಿಬ್ಬರು ತಪ್ಪು ತಿದ್ದುತ್ತಾರೆ, ಬರೆದುಕೊಳ್ಳಿ. ಮೂರನೆಯವರು ತಪ್ಪು ಹೇಳುವುದಿಲ್ಲ, ಮುಖ ನೋಡಿ. ಎಲೆ ಅಡಿಕೆ ಚೀಲಕ್ಕೆ ಕೈ ಹೋದ ಪುಟಕ್ಕೆ ಒಂದು ಗುರುತು ಹಾಕಿ, “ಆಮ್ಯಾಕೆ ಏನಾತು?” ಎಂದು ಕೇಳಿದ ಪುಟಕ್ಕೆ ಇನ್ನೊಂದು. ಎರಡನೆಯ ಕರಡನ್ನು ಆ ಎರಡು ಗುರುತುಗಳ ನಡುವಿನಿಂದ ಶುರುಮಾಡಿ.